ನೀರು ಹರಿಯುತ್ತಿರುವಾಗಲೇ ಭೂಕಂಪಕ್ಕೆ ಸಜ್ಜಾಗುವ ಕಾಮಗಾರಿ: ಅಪಾಯದ ಲೆಕ್ಕ ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ನಾನು ಧಾರವಾಡದವನು, ಸಿವಿಲ್ ಎಂಜಿನಿಯರ್. ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಒಂದು ಸಣ್ಣ ನೀರು ಸರಬರಾಜು ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಹಳೆಯ ಪಂಪಿಂಗ್ ಸ್ಟೇಷನ್, ಒಂದು ಜಲಾಗಾರ ಮತ್ತು ಸ್ತರಭಂಗವನ್ನು (ಭೂಕಂಪ ಹುಟ್ಟುವ ನೆಲದೊಳಗಿನ ಬಿರುಕು) ದಾಟುವ ಒಂದು ಕೊಳವೆ ಮಾರ್ಗವನ್ನು ಭೂಕಂಪ ತಾಳುವಂತೆ ಬಲಪಡಿಸಬೇಕಾಗಿದೆ. ಯೋಜನೆಯ ರಿಸ್ಕ್ ರಿಜಿಸ್ಟರ್, ಅಂದರೆ ಎದುರಾಗಬಹುದಾದ ಅಪಾಯಗಳ ಪಟ್ಟಿ, ಸಿದ್ಧಪಡಿಸುವ ಹೊಣೆ ನನಗೆ ಬಂದಿದೆ. ಎಲ್ಲರೂ ಅದನ್ನು ತುಂಬಿ ಕೊಡುತ್ತಾರೆ, ಆಮೇಲೆ ಯಾರೂ ತೆರೆದು ನೋಡುವುದಿಲ್ಲ. ಅದನ್ನು ಕೆಲಸಕ್ಕೆ ಬರುವಂತೆ ಮಾಡುವುದು ಹೇಗೆ? ಅನಿರೀಕ್ಷಿತ ವೆಚ್ಚಕ್ಕೆ ಎಷ್ಟು ಹಣ ತೆಗೆದಿಡಬೇಕು? ಅಪಾಯವನ್ನೆಲ್ಲ ಗುತ್ತಿಗೆದಾರರಿಗೇ ಒಪ್ಪಿಸಿಬಿಡೋಣ ಎಂದು ನಮ್ಮ ಮಂಡಳಿಯ ಕೆಲವರು ಹೇಳುತ್ತಿದ್ದಾರೆ, ಅದು ಸರಿಯೇ? ಇದರಲ್ಲಿ ನಮ್ಮ ಕರ್ನಾಟಕಕ್ಕೆ ಅನ್ವಯಿಸುವುದು ಏನಾದರೂ ಇದೆಯೇ?

ಉತ್ತರ: ರಿಜಿಸ್ಟರಿನ ಮೊದಲ ಸಾಲು ಬರೆಯುವುದಕ್ಕೂ ಮುಂಚೆ ಎರಡು ಅಪಾಯಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ. ಭೂಕಂಪ ಬಂದರೆ ನಿಮ್ಮ ಸ್ಥಾವರಕ್ಕೆ ಆಗುವ ಹಾನಿ ಒಂದು. ಆ ಹಾನಿಯನ್ನು ತಪ್ಪಿಸಲು ಕೈಗೊಂಡ ಕಾಮಗಾರಿಯೇ ತಡವಾಗುವುದು, ದುಬಾರಿಯಾಗುವುದು ಅಥವಾ ಅರ್ಧಕ್ಕೆ ನಿಲ್ಲುವುದು ಇನ್ನೊಂದು. ನಾನು ನೋಡಿರುವ ಬಹುಪಾಲು ರಿಜಿಸ್ಟರುಗಳು ಎರಡನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ, ಅದನ್ನೂ ಬರೀ ಡಾಲರಿನಲ್ಲಿ ಅಳೆಯುತ್ತವೆ. ಆದರೆ ಕಾಮಗಾರಿ ಒಂದು ವರ್ಷ ತಡವಾದರೆ ಜನರು ಇನ್ನೂ ಒಂದು ವರ್ಷ ದುರ್ಬಲ ಸ್ಥಾವರವನ್ನೇ ನಂಬಿ ಬದುಕಬೇಕಾಗುತ್ತದೆ. ನೀವಿರುವ ಪ್ರದೇಶದಲ್ಲಿ 2014ರಿಂದ 2043ರ ನಡುವಿನ ಮೂವತ್ತು ವರ್ಷಗಳಲ್ಲಿ 6.7 ಅಥವಾ ಹೆಚ್ಚಿನ ತೀವ್ರತೆಯ ಒಂದಾದರೂ ಭೂಕಂಪ ಆಗುವ ಸಂಭವ ಶೇ. 72 ಎಂದು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆ ಅಂದಾಜಿಸಿದೆ. ಫ್ರೀಮಾಂಟ್, ಹೇವರ್ಡ್, ಓಕ್‌ಲ್ಯಾಂಡ್ ನಗರಗಳ ಕೆಳಗೇ ಹಾದುಹೋಗುವ ಹೇವರ್ಡ್ ಸ್ತರಭಂಗದಲ್ಲಿ ಕೊನೆಯ ದೊಡ್ಡ ಭೂಕಂಪ ಆದದ್ದು 1868ರ ಅಕ್ಟೋಬರಿನಲ್ಲಿ. ಆದ್ದರಿಂದ ಯೋಜನೆಯ ಅಪಾಯವನ್ನು ನಿಭಾಯಿಸುವುದೆಂದರೆ ಬಜೆಟ್ ಕಾಯುವುದಷ್ಟೇ ಅಲ್ಲ; ನೆಲದೊಳಗಿನ ಅಪಾಯಕ್ಕೆ ಜನರು ಒಡ್ಡಿಕೊಂಡಿರುವ ಅವಧಿಯನ್ನು ಮೊಟಕುಗೊಳಿಸುವುದೂ ಹೌದು.

ಇದಕ್ಕೆ ನಿಮ್ಮ ನೆರೆಯಲ್ಲಿಯೇ ಒಂದು ದೊಡ್ಡ ಪಾಠಶಾಲೆ ಇದೆ. ಸ್ಯಾನ್ ಫ್ರಾನ್ಸಿಸ್ಕೊ ಸಾರ್ವಜನಿಕ ಸೌಲಭ್ಯಗಳ ಆಯೋಗವು ಬೆಟ್ಟಗಳ ನಡುವಿನ ಹೆಚ್ ಹೆಚಿ ಕಣಿವೆಯಿಂದ ಕೊಲ್ಲಿಯವರೆಗೆ ನೀರು ತರುವ ವ್ಯವಸ್ಥೆಯನ್ನು ನಡೆಸುತ್ತದೆ. ಸುಮಾರು 27 ಲಕ್ಷ ಜನ ಈ ನೀರನ್ನು ಅವಲಂಬಿಸಿದ್ದಾರೆ, ಅವರಲ್ಲಿ ಮೂರನೇ ಎರಡರಷ್ಟು ಮಂದಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಹೊರಗಿನವರು. ಸಿಲಿಕಾನ್ ಕಣಿವೆಯ ಹಲವು ಊರುಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳ ನಲ್ಲಿಗಳಿಗೂ ಈ ನೀರು ಬರುತ್ತದೆ. 1934ರಲ್ಲಿ ಕೊಲ್ಲಿ ಪ್ರದೇಶವನ್ನು ತಲುಪಿದ ಈ ವ್ಯವಸ್ಥೆಯು ಕ್ಯಾಲವೆರಸ್, ಹೇವರ್ಡ್ ಮತ್ತು ಸ್ಯಾನ್ ಆಂಡ್ರಿಯಾಸ್ ಸ್ತರಭಂಗಗಳನ್ನು ದಾಟುತ್ತದೆ ಅಥವಾ ಅವುಗಳ ಮಗ್ಗುಲಲ್ಲೇ ಸಾಗುತ್ತದೆ. 1906ರ ಭೂಕಂಪದಲ್ಲಿ ನೀರಿನ ಕೊಳವೆಗಳು ಒಡೆದು, ಬೆಂಕಿ ಆರಿಸಲು ನೀರಿಲ್ಲದೆ ನಗರ ದಿನಗಟ್ಟಲೆ ಉರಿದ ನೆನಪು ಅಲ್ಲಿ ಮಾಸಿಲ್ಲ. 1989ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿಯೂ ಮರೀನಾ ಬಡಾವಣೆಯ ಕೊಳವೆಗಳು ಒಡೆದು, ಅಗ್ನಿಶಾಮಕ ದೋಣಿಯೊಂದು ಕೊಲ್ಲಿಯ ನೀರನ್ನೇ ಪಂಪು ಮಾಡಬೇಕಾಯಿತು. 2002ರ ನವೆಂಬರಿನಲ್ಲಿ ನಗರದ ಮತದಾರರು ಸುಮಾರು 160 ಕೋಟಿ ಡಾಲರಿನ ಬಾಂಡಿಗೆ ಒಪ್ಪಿಗೆ ಕೊಟ್ಟರು. ಅಲ್ಲಿಂದ ಮುಂದೆ ಸಾಗಿದ ನೀರಿನ ವ್ಯವಸ್ಥೆಯ ಸುಧಾರಣಾ ಕಾರ್ಯಕ್ರಮ ಹತ್ತಾರು ಯೋಜನೆಗಳ, 480 ಕೋಟಿ ಡಾಲರಿನ ಕೆಲಸವಾಗಿ ಬೆಳೆಯಿತು. ನಿಮ್ಮ ಯೋಜನೆ ಇದರ ನೂರರಲ್ಲಿ ಒಂದು ಪಾಲೂ ಇರಲಾರದು. ಆದರೂ ಅಪಾಯಗಳ ಸ್ವಭಾವ ಒಂದೇ.

ಆ ಕಾರ್ಯಕ್ರಮದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುವುದು ಗುರಿಯನ್ನು ಅಳತೆಗೆ ಸಿಗುವಂತೆ ಬರೆದುಕೊಂಡ ರೀತಿಯನ್ನು. ದೊಡ್ಡ ಭೂಕಂಪವಾದ 24 ಗಂಟೆಗಳೊಳಗೆ ಆಯೋಗ ನೀರು ಕೊಡುವ ಮೂರೂ ಪ್ರದೇಶಗಳಿಗೆ ಚಳಿಗಾಲದ ಸರಾಸರಿ ಬಳಕೆಯಷ್ಟು ನೀರನ್ನು, ಪ್ರತಿ ಪ್ರದೇಶದ ಕನಿಷ್ಠ ಶೇ. 70ರಷ್ಟು ವಿತರಣಾ ಕೇಂದ್ರಗಳಿಗೆ ತಲುಪಿಸಬೇಕು. 30 ದಿನಗಳೊಳಗೆ ವರ್ಷದ ಸರಾಸರಿ ದಿನದ ಬೇಡಿಕೆಯನ್ನು ಪೂರೈಸಬೇಕು. ಗುರಿ ಇಷ್ಟು ಸ್ಪಷ್ಟವಾಗಿದ್ದರೆ ಯಾವುದನ್ನು ಬಲಪಡಿಸಬೇಕು, ಯಾವುದು ಒಡೆದರೂ ಪರವಾಗಿಲ್ಲ ಎಂದು ನಿರ್ಧರಿಸಬಹುದು. ಫ್ರೀಮಾಂಟಿನಲ್ಲಿ ಹೇವರ್ಡ್ ಸ್ತರಭಂಗವನ್ನು ಜೋಡಿಯಾಗಿ ದಾಟುವ ಮೂರನೇ ಮತ್ತು ನಾಲ್ಕನೇ ಕೊಳವೆ ಮಾರ್ಗಗಳಲ್ಲಿ ಒಂದನ್ನು ಮಾತ್ರ ಕಾಂಕ್ರೀಟ್ ಕೋಣೆಯೊಳಗೆ, ತಿರುಗುವ ಬಾಲ್ ಜಾಯಿಂಟುಗಳು ಮತ್ತು ಉದ್ದ ಹಿಗ್ಗಿ ಕುಗ್ಗುವ ಸ್ಲಿಪ್ ಜಾಯಿಂಟಿನೊಂದಿಗೆ, ನೆಲ ಸುಮಾರು ಆರೂವರೆ ಅಡಿ ಸರಿದರೂ ತಾಳುವಂತೆ ಕಟ್ಟಲಾಯಿತು. ಎಲ್ಲವನ್ನೂ ಉಳಿಸಿಕೊಳ್ಳುತ್ತೇವೆಂದು ಹೊರಟಿದ್ದರೆ ಆ ಕೆಲಸ ಎಂದು ಮುಗಿಯುತ್ತಿತ್ತೋ ಹೇಳಲಾಗದು. ನಿಮ್ಮ ಸಂಸ್ಥೆಗೆ ಇಂಥ ಲಿಖಿತ ಗುರಿ ಇಲ್ಲದಿದ್ದರೆ ರಿಸ್ಕ್ ರಿಜಿಸ್ಟರನ್ನು ಸದ್ಯಕ್ಕೆ ಬದಿಗಿಟ್ಟು, ಮೊದಲು ಅದನ್ನು ಮಂಡಳಿಯಿಂದ ಬರೆಸಿಕೊಳ್ಳಿ. ಗುರಿ ಇಲ್ಲದ ಕಡೆ ಕೆಲಸದ ವ್ಯಾಪ್ತಿ ಹಿಗ್ಗುತ್ತಲೇ ಹೋಗುತ್ತದೆ. ಗೋಡೆ ಹೇಗೂ ಒಡೆಯುತ್ತಿದ್ದೇವೆ, ಪಂಪನ್ನೂ ಬದಲಿಸೋಣ, ಮೇಲ್ಛಾವಣಿಯನ್ನೂ ಹಾಕಿಸೋಣ ಎಂದು ಒಂದೊಂದಾಗಿ ಸೇರಿಸುತ್ತಾ ಹೋಗುವುದೇ ಇಂಥ ನವೀಕರಣಗಳ ವೆಚ್ಚ ಏರಲು ಮುಖ್ಯ ಕಾರಣಗಳಲ್ಲೊಂದು.

ಈಗ ನೆಲದೊಳಗಿನ ಅನಿಶ್ಚಿತತೆಗೆ ಬರೋಣ. ಕ್ಯಾಲವೆರಸ್ ಅಣೆಕಟ್ಟಿನ ಕಥೆಯನ್ನು ನಿಮ್ಮ ತಂಡದ ಪ್ರತಿಯೊಬ್ಬರೂ ತಿಳಿದಿರಬೇಕು. 1925ರಲ್ಲಿ ಮುಗಿದ ಆ ಹಳೆಯ ಮಣ್ಣಿನ ಅಣೆಕಟ್ಟಿನ ಬಹುಭಾಗವನ್ನು ನೀರಿನೊಂದಿಗೆ ಮಣ್ಣನ್ನು ಹರಿಸಿ ತುಂಬುವ ವಿಧಾನದಲ್ಲಿ ಕಟ್ಟಲಾಗಿತ್ತು. 1918ರಲ್ಲಿ, ನಿರ್ಮಾಣದ ನಡುವೆಯೇ, ಅದರ ಜಲಾಶಯದ ಕಡೆಯ ಇಳಿಜಾರು ಕುಸಿದಿತ್ತು. ಕ್ಯಾಲವೆರಸ್ ಸ್ತರಭಂಗ ಅಲ್ಲಿಂದ ಅರ್ಧ ಕಿಲೋಮೀಟರಿಗೂ ಕಡಿಮೆ ದೂರದಲ್ಲಿದೆ. ದೊಡ್ಡ ಭೂಕಂಪದಲ್ಲಿ ಅದು ನಿಲ್ಲಲಾರದು ಎಂಬ ಕಾರಣಕ್ಕೆ 2001ರ ಕೊನೆಯಲ್ಲಿ ರಾಜ್ಯದ ಅಣೆಕಟ್ಟು ಸುರಕ್ಷತಾ ಅಧಿಕಾರಿಗಳು ಜಲಾಶಯವನ್ನು ಸಾಮರ್ಥ್ಯದ ಶೇ. 40ಕ್ಕಿಂತ ಕೆಳಗೆ ಇಳಿಸುವಂತೆ ಆದೇಶಿಸಿದರು. ಹಳೆಯದರ ಕೆಳಭಾಗದಲ್ಲಿಯೇ 220 ಅಡಿ ಎತ್ತರದ ಹೊಸ ಅಣೆಕಟ್ಟು ಕಟ್ಟುವ ಕೆಲಸ 2011ರಲ್ಲಿ ಆರಂಭವಾಯಿತು. ಮರುವರ್ಷ, ಎಡದಂಡೆಯ ಗುಡ್ಡವನ್ನು ಅಗೆಯುತ್ತಿದ್ದಾಗ, ವಿನ್ಯಾಸದ ಹಂತದಲ್ಲಿ ಗೊತ್ತಾಗದಿದ್ದ ಪ್ರಾಚೀನ ಭೂಕುಸಿತಗಳು ಬೆಳಕಿಗೆ ಬಂದವು. ಗುಡ್ಡವನ್ನು ಮತ್ತಷ್ಟು ಹಿಂದಕ್ಕೆ ಕಡಿಯಬೇಕಾಯಿತು, ಲಕ್ಷಗಟ್ಟಲೆ ಘನ ಗಜಗಳಷ್ಟು ಹೆಚ್ಚುವರಿ ಮಣ್ಣು ಬಂಡೆಗಳನ್ನು ತೆಗೆದು ಇನ್ನೊಂದೆಡೆ ಸುರಿಯಬೇಕಾಯಿತು, ವಿನ್ಯಾಸವನ್ನು ಪರಿಷ್ಕರಿಸಬೇಕಾಯಿತು. ಅಲ್ಲಿನ ಬಂಡೆಯಲ್ಲಿ ಸಹಜವಾಗಿಯೇ ಕಲ್ನಾರು (ಆಸ್ಬೆಸ್ಟಾಸ್) ಇದ್ದುದರಿಂದ ತೆಗೆದ ಪ್ರತಿ ಲೋಡಿಗೂ ಧೂಳು ನಿಯಂತ್ರಣ ಮತ್ತು ಗಾಳಿಯ ತಪಾಸಣೆ ಬೇಕಿತ್ತು. ಅಣೆಕಟ್ಟು ಪೂರ್ಣ ಎತ್ತರ ತಲುಪಿದ್ದು 2018ರಲ್ಲಿ. ಒಟ್ಟು ವೆಚ್ಚ 80 ಕೋಟಿ ಡಾಲರನ್ನು ದಾಟಿತು, ಅಂದರೆ ನಿರ್ಮಾಣ ಶುರುವಾದಾಗ ಇದ್ದ ಬಜೆಟ್ಟಿನ ಹೆಚ್ಚು ಕಡಿಮೆ ಎರಡರಷ್ಟು.

ಹಾಗಾದರೆ ಅದು ವಿಫಲ ಯೋಜನೆಯೇ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಸ್ತರಭಂಗದ ನೆರೆಯಲ್ಲಿರುವ ಬಂಡೆ ಒಡೆದು, ಜಾರಿ, ಮಡಿಚಿಕೊಂಡಿರುತ್ತದೆ, ಮತ್ತು ನಾವು ಬಲಪಡಿಸಬೇಕಾದ ಸ್ಥಾವರಗಳು ಇರುವುದೂ ಅಂಥ ನೆಲದ ಮೇಲೆಯೇ. ಪರೀಕ್ಷೆಗೆಂದು ಕೊರೆದ ಬೋರುಗಳು ಆ ನೆಲದ ಒಂದು ಚೂರನ್ನಷ್ಟೇ ತೋರಿಸುತ್ತವೆ. ಕೆಟ್ಟ ಸುದ್ದಿ ಬಂದಾಗ ಕಾಮಗಾರಿ ಕುಸಿಯದೆ ಮುಂದುವರಿದದ್ದೇ ಅಲ್ಲಿ ಗಮನಿಸಬೇಕಾದದ್ದು. ಬದಲಾವಣೆಗಳನ್ನು ಬಹಿರಂಗವಾಗಿ ವರದಿ ಮಾಡುವ ಕಾನೂನಿನ ಕಟ್ಟುಪಾಡು 2002ರಿಂದಲೇ ಇತ್ತು, ತ್ರೈಮಾಸಿಕ ವರದಿಗಳಿದ್ದವು. ಜೊತೆಗೆ ಅದೇ ಕಾರ್ಯಕ್ರಮದ ಬೇರೆ ಹಲವು ಗುತ್ತಿಗೆಗಳು 2008ರ ನಂತರದ ಆರ್ಥಿಕ ಹಿಂಜರಿತದ ಕಾಲದಲ್ಲಿ ಅಂದಾಜಿಗಿಂತ ಕಡಿಮೆ ದರಕ್ಕೆ ಹೋಗಿದ್ದವು. ನಿಮ್ಮದು ಸಣ್ಣ ಸಂಸ್ಥೆಯಾದ್ದರಿಂದ ಹೀಗೆ ಒಂದರ ಏರಿಕೆಯನ್ನು ಇನ್ನೊಂದರ ಉಳಿತಾಯ ತುಂಬಿಕೊಡುವ ಅನುಕೂಲ ನಿಮಗಿಲ್ಲ. ಆದ್ದರಿಂದ ಮುಂಚಿನ ತನಿಖೆಗೆ ನೀವು ಅವರಿಗಿಂತ ಹೆಚ್ಚಿನ ಪಾಲು ಖರ್ಚು ಮಾಡಬೇಕು. ಪಂಪಿಂಗ್ ಸ್ಟೇಷನ್ನಿನ ವಿಷಯದಲ್ಲಿ ಈ ತನಿಖೆ ಮಣ್ಣಿಗಷ್ಟೇ ಸೀಮಿತವಲ್ಲ. ಹಳೆಯ ನಕ್ಷೆಯಲ್ಲಿರುವ ಕಬ್ಬಿಣ ಗೋಡೆಯೊಳಗೆ ನಿಜವಾಗಿಯೂ ಇದೆಯೇ ಎಂದು ಕೆಲವೆಡೆ ಕಾಂಕ್ರೀಟ್ ಕೆತ್ತಿ ನೋಡಿ; ಸೀಸದ ಬಣ್ಣ, ಕಲ್ನಾರಿನ ಹೊದಿಕೆ ಎಲ್ಲೆಲ್ಲಿದೆ ಎಂದು ಟೆಂಡರಿಗೆ ಮೊದಲೇ ಗುರುತಿಸಿ; ಕೊಳವೆಯ ಒಂದು ಭಾಗಕ್ಕೆ ನೀರು ತಡೆಯುವ ಹಳೆಯ ಐಸೊಲೇಷನ್ ವಾಲ್ವುಗಳನ್ನು ಒಮ್ಮೆ ಪೂರ್ತಿ ಮುಚ್ಚಿ ನೋಡಿ. ಮುಚ್ಚದ ವಾಲ್ವ್ ಒಂದೇ ಇಡೀ ವೇಳಾಪಟ್ಟಿಯನ್ನು ಕೆಡಿಸಬಲ್ಲದು.

ವಾಲ್ವಿನ ಮಾತು ಬಂದದ್ದರಿಂದ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಅಪಾಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಸ ಕಟ್ಟಡ ಕಟ್ಟುವವರಿಗೆ ಇಲ್ಲದ ಒಂದು ಕಷ್ಟ ನಮಗಿದೆ: ಕೆಲಸ ನಡೆಯುವಾಗಲೂ ನೀರು ಹರಿಯುತ್ತಲೇ ಇರಬೇಕು. ಹಾರುತ್ತಿರುವ ವಿಮಾನದ ಎಂಜಿನ್ ಬದಲಿಸುವ ಕೆಲಸವಿದು. ಪೂರೈಕೆಯನ್ನು ನಿಲ್ಲಿಸಬಹುದಾದ ಅವಧಿ ಬೇಡಿಕೆ ಕಡಿಮೆ ಇರುವ ಚಳಿಗಾಲದ ಕೆಲವು ವಾರಗಳು ಮಾತ್ರ. ಹೊಸ ಕೊಳವೆಯನ್ನು ಹಳೆಯದಕ್ಕೆ ಜೋಡಿಸುವ ಕೆಲಸ ಆ ಕಿಟಕಿಯೊಳಗೆ ಮುಗಿಯದಿದ್ದರೆ ಹತ್ತು ದಿನಗಳ ವಿಳಂಬ ಒಂದು ಇಡೀ ವರ್ಷದ ವಿಳಂಬವಾಗುತ್ತದೆ. ಸಾಮಾನ್ಯ ವೇಳಾಪಟ್ಟಿಯ ಸಾಫ್ಟ್‌ವೇರ್ ಇದನ್ನು ತಾನಾಗಿಯೇ ತೋರಿಸುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಹತ್ತು ದಿನ ಎಂದರೆ ಹತ್ತು ದಿನ ಅಷ್ಟೇ. ಹೆಚ್ ಹೆಚಿ ವ್ಯವಸ್ಥೆಯಲ್ಲಿ ಈ ಸ್ಥಗಿತಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಬೆಟ್ಟದ ನೀರನ್ನು ನಿಲ್ಲಿಸಿದಾಗ ಸ್ಥಳೀಯ ಜಲಾಶಯಗಳೂ ಸುನೋಲ್ ಕಣಿವೆಯ ಶುದ್ಧೀಕರಣ ಘಟಕವೂ ಊರನ್ನು ಕಾಯಬೇಕು. ಕ್ಯಾಲವೆರಸ್ ಜಲಾಶಯವೇ ಅರ್ಧಕ್ಕಿಂತ ಕಡಿಮೆ ತುಂಬಿರುವಾಗ ಆ ಆಸರೆಯೂ ಅಷ್ಟಕ್ಕಷ್ಟೇ. ಹೀಗೆ ಒಂದು ಯೋಜನೆಯ ವಿಳಂಬ ಇನ್ನೊಂದರ ಸುರಕ್ಷತೆಯನ್ನು ಕಡಿಮೆ ಮಾಡುತ್ತದೆ.

ಸುನೋಲಿನಿಂದ ಫ್ರೀಮಾಂಟಿಗೆ ನೀರು ತರುವ ಹಳೆಯ ಅರ್ವಿಂಗ್ಟನ್ ಸುರಂಗದ ವಿಷಯದಲ್ಲಿ ಆಯೋಗ ತೆಗೆದುಕೊಂಡ ನಿರ್ಧಾರ ಈ ದೃಷ್ಟಿಯಿಂದ ಬಹಳ ಬೋಧಪ್ರದ. ಆ ಸುರಂಗಕ್ಕೆ ಬದಲಿ ಇರಲಿಲ್ಲವಾದ್ದರಿಂದ ಅದನ್ನು ದೀರ್ಘಕಾಲ ಖಾಲಿ ಮಾಡಿ ಒಳಗೆ ದುರಸ್ತಿ ಮಾಡುವಂತಿರಲಿಲ್ಲ. ಹಳೆಯದನ್ನು ಬಲಪಡಿಸುವ ಬದಲು ಪಕ್ಕದಲ್ಲಿಯೇ ಸುಮಾರು ಮೂರೂವರೆ ಮೈಲಿ ಉದ್ದದ ಹೊಸ ಸುರಂಗ ಕೊರೆದರು. ಅದು ಬಳಕೆಗೆ ಬಂದ ಮೇಲೆ ಹಳೆಯದನ್ನು ನಿಲ್ಲಿಸಿ ಪರೀಕ್ಷಿಸುವುದು ಸಾಧ್ಯವಾಯಿತು. ಕೊಲ್ಲಿಯ ಕೆಳಗಿನ ಐದು ಮೈಲಿ ಸುರಂಗದ್ದೂ ಇದೇ ಬಗೆಯ ತರ್ಕ. ಹಳೆಯ ಕೊಳವೆಗಳ ಜಾಡಿನಲ್ಲಿಯೇ ಜೌಗು ನೆಲವನ್ನು ಅಗೆದಿದ್ದರೆ ಪರಿಸರ ಅನುಮತಿಗಳ ಅಪಾಯ ವರ್ಷಗಟ್ಟಲೆ ಬೆನ್ನು ಬಿಡುತ್ತಿರಲಿಲ್ಲ. ಎರಡು ತುದಿಗಳಲ್ಲಿ ಮಾತ್ರ ಬಾವಿ ತೋಡಿ, ಯಂತ್ರವನ್ನು ಜೇಡಿಮಣ್ಣಿನ ಆಳದಲ್ಲಿ ಓಡಿಸಿದ್ದರಿಂದ ಜೌಗು ಪ್ರದೇಶ ಹಾಗೇ ಉಳಿಯಿತು. ಸುರಂಗ ಕೊರೆಯುವುದರಲ್ಲಿ ಅಪಾಯ ಕಡಿಮೆ ಎಂದಲ್ಲ. ತಮ್ಮ ಹಿಡಿತಕ್ಕೆ ಸಿಗದ ಅಪಾಯವನ್ನು ಬಿಟ್ಟು, ಎಂಜಿನಿಯರುಗಳು ನಿಭಾಯಿಸಬಲ್ಲ ಅಪಾಯವನ್ನು ಆರಿಸಿಕೊಂಡರು. ನಿಮ್ಮ ಜಲಾಗಾರಕ್ಕೂ ಈ ಪ್ರಶ್ನೆ ಕೇಳಿಕೊಳ್ಳಿ: ಅದನ್ನು ಖಾಲಿ ಮಾಡಿ ಬಲಪಡಿಸುವುದಕ್ಕಿಂತ ಪಕ್ಕದಲ್ಲಿ ಚಿಕ್ಕದೊಂದನ್ನು ಮೊದಲು ಕಟ್ಟಿಕೊಳ್ಳುವುದು ಒಟ್ಟಿನಲ್ಲಿ ಅಗ್ಗವಾಗಬಹುದು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಅಂಶ ರಿಜಿಸ್ಟರುಗಳಲ್ಲಿ ಅಪರೂಪಕ್ಕೂ ಕಾಣುವುದಿಲ್ಲ. ನವೀಕರಣದ ನಡುಘಟ್ಟದಲ್ಲಿ, ಗೋಡೆಯ ಭಾಗಗಳನ್ನು ಒಡೆದು, ತಾತ್ಕಾಲಿಕ ಕಂಬಗಳ ಮೇಲೆ ಛಾವಣಿ ನಿಂತಿರುವಾಗ, ಸ್ಥಾವರ ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಆ ತಿಂಗಳುಗಳಲ್ಲಿಯೇ ಭೂಕಂಪ ಬರಬಹುದು. ತಾತ್ಕಾಲಿಕ ಆಸರೆಗಳನ್ನೂ ಭೂಕಂಪದ ಬಲಕ್ಕೆ ವಿನ್ಯಾಸ ಮಾಡಿಸಿ, ಒಂದೇ ಕಾಲಕ್ಕೆ ಎಷ್ಟು ಗೋಡೆ ತೆರೆದಿರಬಹುದು ಎಂಬುದನ್ನು ಗುತ್ತಿಗೆಯಲ್ಲಿಯೇ ಬರೆಯಿರಿ. ವಿದ್ಯುತ್ ಫಲಕಗಳು, ಬ್ಯಾಟರಿ ಚೌಕಟ್ಟುಗಳು, ಕ್ಲೋರಿನ್ ಸಿಲಿಂಡರುಗಳು ಇವುಗಳನ್ನು ನೆಲಕ್ಕೆ ಬಿಗಿಯುವ ಕೆಲಸಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಅದನ್ನು ಮುಖ್ಯ ಗುತ್ತಿಗೆಗೆ ಕಾಯದೆ ಈ ವರ್ಷವೇ ಮಾಡಿಸಿಬಿಡಿ.

ರಿಜಿಸ್ಟರ್ ಏಕೆ ಸತ್ತುಹೋಗುತ್ತದೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಸರಳ: ಅದರಲ್ಲಿರುವ ಸಾಲುಗಳು ಯಾವುದೇ ನಿರ್ಧಾರಕ್ಕೆ ಕಟ್ಟಿಕೊಂಡಿರುವುದಿಲ್ಲ. ಪ್ರತಿಕೂಲ ಮಣ್ಣಿನ ಸ್ಥಿತಿ ಎಂದು ಬರೆದರೆ ಯಾರೂ ಏನನ್ನೂ ಮಾಡಲಾರರು. ಅದರ ಬದಲು, ಜಲಾಗಾರದ ಪಶ್ಚಿಮ ಅಂಚಿನಲ್ಲಿ ಹಳೆಯ ತುಂಬುಮಣ್ಣು ಇಪ್ಪತ್ತು ಅಡಿಗಿಂತ ಆಳವಾಗಿದ್ದರೆ ಅಡಿಪಾಯಕ್ಕೆ ಪೈಲುಗಳು (ನೆಲದಾಳಕ್ಕೆ ಇಳಿಸುವ ಕಂಬಗಳು) ಬೇಕಾಗುತ್ತವೆ, ಇದನ್ನು ಇಂಥ ತಿಂಗಳೊಳಗೆ ಎರಡು ಬೋರುಗಳಿಂದ ಖಚಿತಪಡಿಸಬೇಕು, ಹೊಣೆ ಇಂಥವರದು, ಹೌದೆಂದಾದರೆ ಇಷ್ಟು ಹಣ ಇಷ್ಟು ವಾರ ಎಂದು ಬರೆದರೆ ಅದು ಕೆಲಸಕ್ಕೆ ಬರುತ್ತದೆ. ಹೊಣೆಗಾರಿಕೆಯ ಕಲಮಿನಲ್ಲಿ ಇಲಾಖೆಯ ಹೆಸರು ಬೇಡ, ಒಬ್ಬ ವ್ಯಕ್ತಿಯ ಹೆಸರಿರಲಿ. ಸ್ಥಾವರ ನಡೆಸುವ ಆಪರೇಟರುಗಳನ್ನು ಈ ಸಭೆಗಳಿಗೆ ತಪ್ಪದೆ ಕರೆಯಿರಿ, ಏಕೆಂದರೆ ಯಾವ ವಾಲ್ವ್ ಸೋರುತ್ತದೆ, ಯಾವ ಪಂಪು ಬಿಸಿಯಾಗುತ್ತದೆ ಎಂಬುದು ವಿನ್ಯಾಸಕಾರರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಸಾಲುಗಳು ಇಪ್ಪತ್ತು ಇದ್ದರೆ ಸಾಕು. ಇನ್ನೂರು ಸಾಲುಗಳ ಪಟ್ಟಿಯಲ್ಲಿ ನಿಜವಾಗಿ ಯೋಜನೆಯನ್ನು ಮುಳುಗಿಸಬಲ್ಲ ಐದು ಅಪಾಯಗಳು ಕಳೆದುಹೋಗುತ್ತವೆ.

ಎಷ್ಟು ಹಣ ತೆಗೆದಿಡಬೇಕು ಎಂಬುದಕ್ಕೆ ಎಲ್ಲ ಯೋಜನೆಗಳಿಗೂ ಹೊಂದುವ ಒಂದೇ ಶೇಕಡಾವಾರು ಇಲ್ಲ. ಪ್ರತಿ ದೊಡ್ಡ ಅಪಾಯಕ್ಕೂ ಸಂಭವವನ್ನೂ, ಕನಿಷ್ಠ ಮತ್ತು ಗರಿಷ್ಠ ವೆಚ್ಚವನ್ನೂ ಅಂದಾಜಿಸಿ, ಕಂಪ್ಯೂಟರಿನಲ್ಲಿ ಸಾವಿರಾರು ಬಾರಿ ಯಾದೃಚ್ಛಿಕವಾಗಿ ಕೂಡಿಸಿ ನೋಡುವ ಮಾಂಟೆ ಕಾರ್ಲೊ ಲೆಕ್ಕ ಈಗ ಸಾಮಾನ್ಯ. ನೂರಕ್ಕೆ ಎಂಬತ್ತು ಸಲ ಸಾಕಾಗುವ ಮೊತ್ತವನ್ನು ಸಾರ್ವಜನಿಕ ಸಂಸ್ಥೆಯೊಂದು ಬಜೆಟ್ ಆಗಿ ಇಟ್ಟುಕೊಳ್ಳುವುದು ವಿವೇಕ ಎಂದು ನಾನು ಭಾವಿಸುತ್ತೇನೆ. ಆದರೆ ಈ ಲೆಕ್ಕದಲ್ಲಿ ಒಂದು ದೋಷ ಮತ್ತೆ ಮತ್ತೆ ಕಾಣುತ್ತದೆ. ಅಪಾಯಗಳನ್ನು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಊಹಿಸಿದರೆ ಏರಿಳಿತಗಳು ಪರಸ್ಪರ ಅಳಿಸಿಹೋಗಿ, ಫಲಿತಾಂಶ ಸುಳ್ಳು ಭರವಸೆ ಕೊಡುತ್ತದೆ. ವಾಸ್ತವದಲ್ಲಿ ನೆಲ ಕೆಟ್ಟದ್ದಾದರೆ ಅಗೆತ ಹೆಚ್ಚುತ್ತದೆ, ಅಗೆತ ಹೆಚ್ಚಿದರೆ ಚಳಿಗಾಲದ ಸ್ಥಗಿತದ ಕಿಟಕಿ ತಪ್ಪುತ್ತದೆ, ಕಿಟಕಿ ತಪ್ಪಿದರೆ ಒಂದು ವರ್ಷದ ಮೇಲ್ವಿಚಾರಣೆಯ ವೆಚ್ಚವೂ ಬೆಲೆಯೇರಿಕೆಯೂ ಸೇರಿಕೊಳ್ಳುತ್ತವೆ. ಈ ಸರಪಳಿಯನ್ನು ಲೆಕ್ಕದೊಳಗೆ ತರದಿದ್ದರೆ ಮಾಂಟೆ ಕಾರ್ಲೊ ಮಾಡಿಯೂ ಪ್ರಯೋಜನವಿಲ್ಲ. ಮಂಡಳಿಗೆ ಇದನ್ನು ಹೇಳುವಾಗ ಒಂದೇ ಇಡುಗಂಟು ತೋರಿಸಬೇಡಿ. ಯಾವ ಅಪಾಯಕ್ಕೆ ಎಷ್ಟು, ಆ ಅಪಾಯ ಯಾವ ತಿಂಗಳಿಗೆ ಕಳೆದುಹೋಗುತ್ತದೆ, ಆಗ ಎಷ್ಟು ಹಣವನ್ನು ಹಿಂದಿರುಗಿಸುತ್ತೀರಿ ಎಂಬುದನ್ನು ತೋರಿಸಿ. ಹಾಗೆ ಮಾಡಿದಾಗ ಅದನ್ನು ಉಬ್ಬಿಸಿದ ಅಂದಾಜು ಎಂದು ಯಾರೂ ಕರೆಯಲಾರರು.

ಅಪಾಯವನ್ನೆಲ್ಲ ಗುತ್ತಿಗೆದಾರರಿಗೆ ವರ್ಗಾಯಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ನೆಲದೊಳಗೆ ಏನಿದೆಯೆಂದು ತಿಳಿಯಲು ಮಾಲೀಕ ಸಂಸ್ಥೆಗೆ ವರ್ಷಗಳ ಅವಕಾಶವಿರುತ್ತದೆ, ಟೆಂಡರ್ ಹಾಕುವವರಿಗೆ ಇರುವುದು ಕೆಲವು ವಾರಗಳು. ಅವರ ಮೇಲೆ ಆ ಹೊರೆ ಹೊರಿಸಿದರೆ ಅನುಭವಿಗಳು ದರ ಏರಿಸುತ್ತಾರೆ ಅಥವಾ ಹಿಂದೆ ಸರಿಯುತ್ತಾರೆ. ಅನುಭವವಿಲ್ಲದವರು ಕಡಿಮೆ ದರಕ್ಕೆ ಗೆದ್ದು ನಂತರ ನ್ಯಾಯಾಲಯಕ್ಕೆ ಹೋಗುತ್ತಾರೆ. ಸುರಂಗ ಮತ್ತು ಅಡಿಪಾಯದ ಕೆಲಸಗಳಲ್ಲಿ ಜಿಯೊಟೆಕ್ನಿಕಲ್ ಬೇಸ್‌ಲೈನ್ ರಿಪೋರ್ಟ್ ಎಂಬ ದಾಖಲೆ ಇದಕ್ಕಾಗಿಯೇ ಇದೆ. ಬಂಡೆ ಇಷ್ಟು ಗಟ್ಟಿ, ಒಸರುವ ನೀರು ನಿಮಿಷಕ್ಕೆ ಇಷ್ಟು ಎಂದು ಅದರಲ್ಲಿ ಅಂಕಿಗಳನ್ನು ಬರೆದಿಟ್ಟರೆ, ಅಷ್ಟರವರೆಗಿನದು ಗುತ್ತಿಗೆದಾರರ ಹೊಣೆ, ಅದನ್ನು ಮೀರಿದ್ದು ಮಾಲೀಕರ ಹೊಣೆ. ಆದರೆ ಅಂಕಿಗಳನ್ನು ಅಸ್ಪಷ್ಟವಾಗಿ ಬರೆದರೆ ಆ ವರದಿಯೇ ಜಗಳಕ್ಕೆ ಮೂಲವಾಗುತ್ತದೆ. ಕೆಲಸದ ಮೊದಲ ದಿನದಿಂದಲೇ ಮೂವರು ತಟಸ್ಥ ತಜ್ಞರ ವಿವಾದ ಪರಿಶೀಲನಾ ಮಂಡಳಿಯನ್ನು ಇಟ್ಟುಕೊಳ್ಳುವ ಪದ್ಧತಿ ಅಮೆರಿಕದಲ್ಲಿ 1975ರಲ್ಲಿ ಕೊಲರಾಡೊದ ಐಸೆನ್‌ಹೋವರ್ ಹೆದ್ದಾರಿ ಸುರಂಗದ ಎರಡನೇ ಕೊರೆತದಿಂದ ಶುರುವಾಯಿತು. ನಿಮ್ಮಷ್ಟು ಚಿಕ್ಕ ಯೋಜನೆಗೆ ಮೂವರು ಬೇಡವಾದರೂ ಒಬ್ಬರಾದರೂ ಇರಲಿ. ಕೆಲಸದ ವಿಧಾನ, ಕಾರ್ಮಿಕರ ಉತ್ಪಾದಕತೆ, ಯಂತ್ರಗಳ ಲಭ್ಯತೆ ಇವೆಲ್ಲ ಗುತ್ತಿಗೆದಾರರ ಅಪಾಯಗಳೇ. ಅವುಗಳಲ್ಲಿ ರಿಯಾಯಿತಿ ಕೊಡಬೇಕಾಗಿಲ್ಲ.

ಕೊನೆಯದಾಗಿ ಕರ್ನಾಟಕದ ಮಾತು. ಭೂಕಂಪ ತಾಳುವ ವಿನ್ಯಾಸದ ಭಾರತೀಯ ಮಾನಕ 1893ರ 2016ರ ಆವೃತ್ತಿಯ ನಕ್ಷೆಯಲ್ಲಿ (ಅದರಲ್ಲಿ ಎರಡನೇ ವಲಯ ಅತಿ ಕಡಿಮೆ ಅಪಾಯದ್ದು, ಐದನೆಯದು ಅತಿ ಹೆಚ್ಚಿನದು) ನಮ್ಮ ರಾಜ್ಯ ಎರಡನೇ ಮತ್ತು ಮೂರನೇ ವಲಯಗಳಲ್ಲಿದೆ, ನಿಮ್ಮ ಧಾರವಾಡ ಮೂರನೆಯದರಲ್ಲಿ. ಕ್ಯಾಲಿಫೋರ್ನಿಯಾದ ಮಟ್ಟದ ವೆಚ್ಚಕ್ಕೆ ಇಲ್ಲಿ ಸಮರ್ಥನೆ ಸಿಗದು. ಹಾಗೆಂದು ನಿಶ್ಚಿಂತೆಯಿಂದಿರಲೂ ಆಗದು: 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯ ಆಚೆ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಭೂಕಂಪ ಸಂಭವಿಸಿದ್ದು ಆಗಿನ ನಕ್ಷೆಯ ಅತಿ ಕಡಿಮೆ ಅಪಾಯದ ವಲಯದಲ್ಲಿ. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಮೂರು ಹಂತಗಳಲ್ಲಿ ಪಂಪಾಗಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರಿನ ಸಾಮರ್ಥ್ಯ ಸೇರಿಕೊಂಡಿತು. ಹೊಸ ಹಂತವೊಂದು ಬಂದಾಗ ಹಳೆಯ ಹಂತವನ್ನು ಸರದಿಯ ಮೇಲೆ ನಿಲ್ಲಿಸಿ ಪರೀಕ್ಷಿಸುವ ಅವಕಾಶ ತೆರೆದುಕೊಳ್ಳುತ್ತದೆ. ಹೆಚ್ಚಿದ ಸಾಮರ್ಥ್ಯವನ್ನೆಲ್ಲ ಹೊಸ ಸಂಪರ್ಕಗಳು ಕಬಳಿಸುವ ಮುನ್ನ, ಹಳೆಯ ಪಂಪಿಂಗ್ ಕೇಂದ್ರಗಳ ಗೋಡೆಗಳು, ವಿದ್ಯುತ್ ಫಲಕಗಳ ಬಿಗಿತ ಮತ್ತು ಐಸೊಲೇಷನ್ ವಾಲ್ವುಗಳ ಸ್ಥಿತಿಯನ್ನು ನೋಡಿ ದಾಖಲಿಸುವ ಕೆಲಸವನ್ನು ಬೇಸಿಗೆಗೆ ಮೊದಲಿನ ತಿಂಗಳುಗಳಲ್ಲಿ ಹಮ್ಮಿಕೊಳ್ಳಬಹುದು. ಇದಕ್ಕೆ ದೊಡ್ಡ ಟೆಂಡರೂ ಬೇಕಿಲ್ಲ, ಹೊಸ ಸಂಸ್ಥೆಯೂ ಬೇಕಿಲ್ಲ.